ಮಸಣದಿಂದ ಮರಳುವ ದಾರಿಯಲ್ಲಿ

ದಕ್ಷಿಣ ಆಫ್ರಿಕದ ನಟಾಲ್ ಸೀಮೆಯಲ್ಲಿ ಟುಗೇಲಾ ನದಿಯ ದಂಡೆಯ ಮೇಲೆ ಕೊಲೆನ್ಸೊ ಎಂಬ ಚಿಕ್ಕ ಊರೊಂದಿದೆ. 1899ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಬೋಯರರಿಗೂ ಇಲ್ಲಿ ಘೋರ ಕಾಳಗ ನಡೆದಾಗ, ಗಾಂಧೀಜಿಯವರು ಕಟ್ಟಿದ ಭಾರತೀಯ ಶುಶ್ರೂಷಾ ದಳದವರು ಗಾಯಾಳುಗಳನ್ನು ಹೆಗಲ ಮೇಲೆ ಹೊತ್ತು ಮೈಲಿಗಟ್ಟಲೆ ನಡೆದರು. ಆದುದರಿಂದ ಊರಿನ ಹೆಸರು ವಾಚಕರಲ್ಲಿ ಕೆಲವರಿಗಾದರೂ ಪರಿಚಿತವಾಗಿರಬಹುದು. ಆ ಕಾಳಗಕ್ಕೆ ನೂರ ಹದಿನೆಂಟು ವರ್ಷಗಳು ಸಂದ ಮೇಲೆ, 2018ರ ಜುಲೈ 21ರ ಶನಿವಾರ ರಾತ್ರಿ, ಅದೇ ಊರಿನ ಸಮೀಪದ ರಸ್ತೆಯಲ್ಲಿ ಮತ್ತೆ ಗುಂಡುಗಳು ಹಾರಿದವು. ಈ ಸಲ ಎದುರುಬದುರಾಗಿ ನಿಂತ ಸೈನ್ಯಗಳಿರಲಿಲ್ಲ. ಜೋಹಾನ್ಸ್‌ಬರ್ಗ್ ಕಡೆಯ ಐವರಿ ಪಾರ್ಕ್ ಟ್ಯಾಕ್ಸಿ ಸಂಘದವರು ತಮ್ಮ ಸಹೋದ್ಯೋಗಿಯೊಬ್ಬನ ಅಂತ್ಯಕ್ರಿಯೆ ಮುಗಿಸಿಕೊಂಡು ಒಂದೇ ವಾಹನದಲ್ಲಿ ಊರಿಗೆ ಮರಳುತ್ತಿದ್ದರು. ಹೊಂಚು ಹಾಕಿದ್ದವರ ಗುಂಡಿಗೆ ಅವರಲ್ಲಿ ಹನ್ನೊಂದು ಮಂದಿ ಬಲಿಯಾದರು. ನಾಲ್ವರು ತೀವ್ರವಾಗಿ ಗಾಯಗೊಂಡರು. ಒಬ್ಬನಿಗಾಗಿ ಅತ್ತು ಬಂದವರಿಗಾಗಿ ಹನ್ನೊಂದು ಮನೆಗಳು ಅಳಬೇಕಾಯಿತು.

ಅಲ್ಲಿ ಟ್ಯಾಕ್ಸಿಯೆಂದರೆ ನಮ್ಮ ಮ್ಯಾಕ್ಸಿಕ್ಯಾಬನ್ನು ಹೋಲುವ, ಹದಿನೈದು ಹದಿನಾರು ಮಂದಿ ಕುಳಿತುಕೊಳ್ಳುವ ಸಣ್ಣ ಬಸ್ಸು. ಸಾರ್ವಜನಿಕ ವಾಹನಗಳನ್ನು ನೆಚ್ಚಿದ ಜನರಲ್ಲಿ ಬಹುಪಾಲು ಇದನ್ನೇ ಹತ್ತುತ್ತಾರೆ. ಇದಕ್ಕೆ ವೇಳಾಪಟ್ಟಿಯಿಲ್ಲ, ಟಿಕೀಟಿಲ್ಲ, ಕಂಡಕ್ಟರನೂ ಇಲ್ಲ. ರಸ್ತೆಯ ಬದಿಯಲ್ಲಿ ನಿಂತವನು ತೋರುಬೆರಳನ್ನು ಮೇಲಕ್ಕೆತ್ತಿದರೆ ಪೇಟೆಯ ನಡುವಿಗೆ ಹೋಗಬೇಕೆಂದು ಅರ್ಥ. ಕಿತ್ತಳೆಯನ್ನು ಹಿಡಿದಂತೆ ಅಂಗೈಯನ್ನು ಬಟ್ಟಲಾಗಿಸಿದರೆ ‘ಆರೆಂಜ್ ಫಾರ್ಮ್’ ಎಂಬ ಬಡಾವಣೆಗೆ ಎಂದು ಅರ್ಥ. ಹಿಂದಿನ ಸಾಲಿನವರು ಕೊಟ್ಟ ಹಣ ಕೈಯಿಂದ ಕೈಗೆ ದಾಟಿ ಮುಂದಕ್ಕೆ ಬರುತ್ತದೆ. ಚಾಲಕನ ಪಕ್ಕದಲ್ಲಿ ಕುಳಿತ ಪ್ರಯಾಣಿಕನೇ ಲೆಕ್ಕ ಮಾಡಿ ಚಿಲ್ಲರೆಯನ್ನು ಹಿಂದಕ್ಕೆ ಕಳಿಸುತ್ತಾನೆ. ಅಪರಿಚಿತರ ನಡುವೆ ಇಷ್ಟು ನಂಬಿಕೆಯಿರುವ ಬಂಡಿಯೊಳಗಿನ ಲೋಕಕ್ಕೂ ಆ ಬಂಡಿ ಯಾವ ರಸ್ತೆಯಲ್ಲಿ ಓಡಬೇಕೆಂದು ತೀರ್ಮಾನಿಸುವ ಹೊರಗಿನ ಲೋಕಕ್ಕೂ ಎಷ್ಟೊಂದು ಅಂತರ!

ಈ ಉದ್ಯಮ ಹುಟ್ಟಿದ್ದೇ ಕಷ್ಟದಲ್ಲಿ. ಬಿಳಿಯರ ಸರ್ಕಾರವು ಕರಿಯರನ್ನು ನಗರಗಳಿಂದ ದೂರದ ಬಡಾವಣೆಗಳಿಗೆ ಅಟ್ಟಿತು. ಆದರೆ ಅವರ ದುಡಿಮೆ ಮಾತ್ರ ನಗರಕ್ಕೆ ನಿತ್ಯವೂ ಬೇಕಾಗಿತ್ತು. 1957ರಲ್ಲಿ ಬಸ್ಸಿನ ದರವನ್ನು ನಾಲ್ಕು ಪೆನ್ಸಿನಿಂದ ಐದಕ್ಕೆ ಏರಿಸಿದಾಗ, ಅಲೆಕ್ಸಾಂಡ್ರ ಬಡಾವಣೆಯ ಜನ ಬಸ್ಸನ್ನೇ ತೊರೆದು, ಜೋಹಾನ್ಸ್‌ಬರ್ಗಿಗೆ ದಿನವೂ ಒಂಬತ್ತು ಮೈಲಿ ನಡೆದು ಹೋಗಿ, ಸಂಜೆ ಅಷ್ಟೇ ದೂರ ನಡೆದು ಬಂದರು. ಒಂದು ಪೆನ್ನಿಗೆ ಅಷ್ಟು ಬೆಲೆಯಿತ್ತು. ಕರಿಯನಿಗೆ ಬಾಡಿಗೆ ವಾಹನ ನಡೆಸಲು ಪರವಾನಗಿ ದೊರೆಯುವುದು ಅಂದು ಬಹು ದುರ್ಲಭವಾಗಿತ್ತು. 1977ರ ಕಾಯಿದೆಯಲ್ಲಿ ಎಂಟು ಪ್ರಯಾಣಿಕರ ವಾಹನಕ್ಕೆ ಸ್ವಲ್ಪ ಸಂದು ಸಿಕ್ಕಿತು. ಆ ಸಂದಿನಲ್ಲಿಯೇ ಸಣ್ಣ ಬಸ್ಸುಗಳು ನುಸುಳಿ ಬಂದವು. ಕೈಯಲ್ಲಿದ್ದ ಉಳಿತಾಯವನ್ನೆಲ್ಲ ಸುರಿದು, ಸಾಲ ಮಾಡಿ, ಪೋಲೀಸರಿಗೆ ದಂಡ ತೆತ್ತು ಬಂಡಿ ಓಡಿಸಿದ ಆ ಮೊದಲಿಗರ ಧೈರ್ಯವನ್ನು ಮೆಚ್ಚಲೇಬೇಕು. ಬಂಡವಾಳವನ್ನೂ ಭೂಮಿಯನ್ನೂ ಕರಿಯರಿಗೆ ನಿರಾಕರಿಸಿದ ದೇಶದಲ್ಲಿ ಕರಿಯರೇ ಕಟ್ಟಿ ಉಳಿಸಿಕೊಂಡ ದೊಡ್ಡ ಉದ್ಯಮವಿದು.

ಅನಂತರ ಬಂದದ್ದು 1988ರ ಕಾಯಿದೆ. ಅದುವರೆಗೆ ಮುಷ್ಟಿ ಬಿಗಿಹಿಡಿದಿದ್ದ ಸರ್ಕಾರ ಒಮ್ಮೆಗೇ ಕೈ ಸಡಿಲಿಸಿ ಪರವಾನಗಿಗಳನ್ನು ಧಾರಾಳವಾಗಿ ಹಂಚಿತು. ಒಂದು ಮಾರ್ಗಕ್ಕೆ ಎಷ್ಟು ವಾಹನ ಸಾಕು, ಯಾರ ಸರದಿ ಯಾವಾಗ, ವ್ಯಾಜ್ಯ ಬಂದರೆ ಬಗೆಹರಿಸುವವರು ಯಾರು ಎಂಬುದನ್ನು ಯಾರೂ ಯೋಚಿಸಲಿಲ್ಲ. ಸರ್ಕಾರ ಬಿಟ್ಟುಕೊಟ್ಟ ಆ ಸ್ಥಾನವನ್ನು ಸಂಘಗಳು ಹಿಡಿದುಕೊಂಡವು. ನಿಲ್ದಾಣ ಸಂಘದ್ದು, ಮಾರ್ಗ ಸಂಘದ್ದು. ಹೊಸಬನು ಹತ್ತಾರು ಸಾವಿರ ರಾಂಡ್ ಪ್ರವೇಶಧನ ಕೊಟ್ಟರೆ ಮಾತ್ರ ಸಾಲಿನಲ್ಲಿ ನಿಲ್ಲಬಹುದು. ಪಕ್ಕದ ಸಂಘ ಅದೇ ಮಾರ್ಗವನ್ನು ತನ್ನದೆಂದರೆ ಗುಂಡು. 1990ರ ದಶಕವೊಂದರಲ್ಲೇ ಈ ಕಲಹಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಆಹುತಿಯಾದರು. ಹಿಂದೆ ಒಂದು ಪೆನ್ನಿಗಾಗಿ ಒಟ್ಟಾಗಿ ನಡೆದ ಅಲೆಕ್ಸಾಂಡ್ರದಲ್ಲಿಯೇ ಮುಂದೆ ಎರಡು ಸಂಘಗಳ ಹಗೆತನ ರಕ್ತ ಹರಿಸಿತೆಂಬುದು ವಿಧಿಯ ವಿಡಂಬನೆ.

ಇಂಥ ವ್ಯವಸ್ಥೆಯಲ್ಲಿ ಸಂಘದ ಅಧ್ಯಕ್ಷನೆಂದರೆ ಯಾರು? ಚಾಲಕರ ಜಗಳ ಬಿಡಿಸುವವನು ಅವನೇ. ಸತ್ತ ಸದಸ್ಯನ ಮನೆಗೆ ಅಕ್ಕಿಬೇಳೆ ಮುಟ್ಟಿಸುವವನು, ಅಧಿಕಾರಿಗಳ ಮುಂದೆ ನಿಂತು ವಾದಿಸುವವನು ಅವನೇ. ಪ್ರವೇಶಧನದ ಪೆಟ್ಟಿಗೆಯ ಬೀಗದಕೈ ಇರುವುದೂ ಅವನಲ್ಲಿಯೇ. ಆ ಪೆಟ್ಟಿಗೆಯ ಹಣ ಕೆಲವೆಡೆ ಕೋವಿಗೂ ಕೊಲೆಗಾರನಿಗೂ ಸಂದಿದೆಯೆಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಸಜ್ಜನನಾದ ಮುಖಂಡನು ಹಣದ ಲೆಕ್ಕ ಕೇಳಿದರೆ ಒಳಗಿನವರಿಗೆ ಶತ್ರು. ಎದುರು ಸಂಘದೊಡನೆ ರಾಜಿಗೆ ಕುಳಿತರೆ ತನ್ನವರಿಗೇ ದ್ರೋಹಿ. ರಾಜಿಗೆ ಒಪ್ಪದಿದ್ದರಂತೂ ಎದುರಾಳಿ ಕಾದೇ ಇರುತ್ತಾನೆ. ಕೂಲಿಗೆ ಕೊಲ್ಲುವವನನ್ನು ಅಲ್ಲಿ ‘ಇಂಕಾಬಿ’ ಎನ್ನುತ್ತಾರೆ. ಜುಲು ಭಾಷೆಯಲ್ಲಿ ಆ ಮಾತಿಗೆ ಎತ್ತು ಎಂದು ಅರ್ಥ. ಹೊಲ ಉಳುವ ಸಾಧುಪ್ರಾಣಿಯ ಹೆಸರು ಇಂಥವನಿಗೆ ಹತ್ತಿತಲ್ಲ ಎಂದು ನಮ್ಮವರಿಗೆ ನೋವಾದೀತು. ಆದರೆ ಒಡೆಯ ತೋರಿಸಿದ ಸಾಲಿನಲ್ಲಿ ನಡೆಯುವುದಷ್ಟೇ ಇವನ ಕೆಲಸ. ಒಡೆಯನ ಹೆಸರು ಹೊರಗೆ ಬರುವುದು ಅಪರೂಪ.

ಮುಖಂಡನೊಬ್ಬ ಹತನಾದಾಗ ನಡೆಯುವುದೆಲ್ಲ ಈಗ ರೂಢಿಯೇ ಆಗಿಹೋಗಿದೆ. ಮೇಲಿನ ಮಂಡಳಿ ಶೋಕ ವ್ಯಕ್ತಪಡಿಸಿ, ಸೇಡಿಗೆ ಮುಂದಾಗಬೇಡಿರೆಂದು ಬೇಡಿಕೊಳ್ಳುತ್ತದೆ. ಟ್ಯಾಕ್ಸಿಗಳು ಸಾಲುಗಟ್ಟಿ ಶವದ ಹಿಂದೆ ಸಾಗುತ್ತವೆ. ದಾಯಾದಿ ಸಂಘದವರು ಬಂದರೆ ಬಾಯಿಗಳು ಮುಚ್ಚಿಕೊಳ್ಳುತ್ತವೆ, ಬಾರದಿದ್ದರೆ ಸಂಶಯ ಬಲಿಯುತ್ತದೆ. ಕಣ್ಣಾರೆ ಕಂಡವರು ಸಾಕ್ಷಿ ಹೇಳಲು ಅಂಜುತ್ತಾರೆ. ನ್ಯಾಯಾಲಯ ಹೆಸರಿಸದ ಕೊಲೆಗಾರನನ್ನು ನೆರೆದವರ ಪಿಸುಮಾತು ಹೆಸರಿಸುತ್ತದೆ. ಮುಂದಿನ ಕೊಲೆಗೆ ಅಷ್ಟು ಸಾಕು. ಶಾಂತಿಯ ಕರೆ ನಿಷ್ಫಲವಾಗುವುದು ಇಲ್ಲಿ. ಕರೆ ಕೊಟ್ಟವರ ಮನಸ್ಸು ಪ್ರಾಮಾಣಿಕವಾಗಿದ್ದರೂ, ಅಪರಾಧಿಗೆ ಶಿಕ್ಷೆಯಾಗದ ಊರಿನಲ್ಲಿ ‘ಸಹನೆ ತಾಳು’ ಎಂದು ಸತ್ತವನ ಮಗನಿಗೆ ಯಾವ ಬಾಯಿಂದ ಹೇಳುವುದು?

ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಮಂಡೇಲರ ಸರ್ಕಾರ 1995ರಲ್ಲಿ ರಾಷ್ಟ್ರೀಯ ಕಾರ್ಯತಂಡವೊಂದನ್ನು ನೇಮಿಸಿತು. 2001ರಲ್ಲಿ ಸಂಘಗಳೆಲ್ಲ ಸೇರಿ ‘ಸಾಂಟಾಕೊ’ ಎಂಬ ಮಹಾಮಂಡಳಿಯಾಯಿತು. 2020ರಲ್ಲಿ ಗೌಟೆಂಗ್ ಪ್ರಾಂತದವರು ನ್ಯಾಯಮೂರ್ತಿ ಜೆರೆಮಾಯ ಶೊಂಗ್ವೆಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗವನ್ನು ಕೂಡಿಸಿದರು. ಕಾನೂನು ಕಾಯಬೇಕಾದವರಲ್ಲಿಯೇ ಕೆಲವರು ಟ್ಯಾಕ್ಸಿಗಳ ಒಡೆಯರೆಂಬ ದೂರು ಆ ಆಯೋಗದ ಮುಂದೆಯೂ ಬಂದಿತು. ತೀರ್ಪುಗಾರನೇ ಆಟಕ್ಕೆ ಇಳಿದ ಮೇಲೆ ದೂರು ಕೊಡುವುದಾದರೂ ಯಾರಿಗೆ?

ಬೇರೊಂದು ದಾರಿ ತುಸು ಆಸೆ ಹುಟ್ಟಿಸಿತ್ತು. 2009ರ ಆಗಸ್ಟಿನಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ‘ರಿಯಾ ವಾಯಾ’ ಎಂಬ ತ್ವರಿತ ಬಸ್ಸುಗಳು ಹೊರಟಾಗ ಮೊದಲ ದಿನಗಳಲ್ಲಿಯೇ ಅವುಗಳ ಮೇಲೆ ಗುಂಡಿನ ದಾಳಿಯಾಯಿತು. ಆದರೂ ಟ್ಯಾಕ್ಸಿ ಮುಖಂಡರಲ್ಲಿ ಕೆಲವರು ಮಾತುಕತೆಯ ಮೇಜನ್ನು ಬಿಟ್ಟು ಏಳಲಿಲ್ಲ. ಕಡೆಗೆ 585 ಟ್ಯಾಕ್ಸಿಗಳನ್ನು ರಸ್ತೆಯಿಂದ ತೆಗೆದು, ಅವುಗಳ ಒಡೆಯರು ಆ ಬಸ್ಸು ಕಂಪನಿಗೇ ಪಾಲುದಾರರಾದರು. ಆಮೇಲೆ ಮುಷ್ಕರ, ನಷ್ಟ ಎಲ್ಲವೂ ಬಂದವು, ನಿಜ. ಆದರೆ ಲೆಕ್ಕಪುಸ್ತಕದಲ್ಲಿ ಹೆಸರಿರುವ ಪಾಲುದಾರನು ತನ್ನ ಹಕ್ಕಿಗಾಗಿ ವಕೀಲನ ಬಳಿಗೆ ಹೋಗಬಲ್ಲನು.

ಜನಸಾಮಾನ್ಯರ ಪಾಡನ್ನು 2021ರ ಜುಲೈ ತಿಂಗಳು ತೋರಿಸಿಕೊಟ್ಟಿತು. ಕೇಪ್ ಟೌನ್ ಬಳಿ ಬೆಲ್ವಿಲ್ಲಿನಿಂದ ಪಾರ್ಲ್ ಕಡೆಗೆ ಹೋಗುವ ಒಂದೇ ಮಾರ್ಗಕ್ಕಾಗಿ ಕಾಟಾ, ಕೊಡೆಟಾ ಎಂಬ ಎರಡು ಸಂಘಗಳು ಹೊಡೆದಾಡಿದವು. ಕೋವಿಡ್ ಹಾವಳಿಯ ಆ ದಿನಗಳಲ್ಲಿ ಆಸ್ಪತ್ರೆಯ ದಾದಿಯರು ಕೆಲಸಕ್ಕೆ ಹೋಗಲಾರದಾದರು, ಬಸ್ಸುಗಳ ಮೇಲೂ ಗುಂಡು ಬಿತ್ತು. ಪ್ರಾಂತ ಸರ್ಕಾರ ಆ ಮಾರ್ಗವನ್ನೇ ಮುಚ್ಚಿ, ಎರಡೂ ಕಡೆಯವರನ್ನು ಮಧ್ಯಸ್ಥರ ಮುಂದೆ ಕೂರಿಸಬೇಕಾಯಿತು. ಇಷ್ಟನ್ನು ಯಾರಾದರೂ ಸಾಯುವ ಮೊದಲೇ ಮಾಡಬಹುದಿತ್ತಲ್ಲ ಎಂದು ಕೇಳಿದರೆ ಉತ್ತರಿಸುವವರಿಲ್ಲ.

ಹತನಾದ ಮುಖಂಡನ ಕುರ್ಚಿಯಂತೂ ಬಹುಕಾಲ ಬರಿದಾಗಿರುವುದಿಲ್ಲ. ಸಂಘದ ಸಭೆ ಸೇರುತ್ತದೆ, ಹೊಸ ಅಧ್ಯಕ್ಷನ ಆಯ್ಕೆಯಾಗುತ್ತದೆ. ಅವನು ಎಲ್ಲಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳುವುದು ಕೋವಿ ಹಿಡಿದ ಕಾವಲುಗಾರರನ್ನು. ಅವರ ಸಂಬಳ ಸಂಘದ ಲೆಕ್ಕಕ್ಕೆ, ಕೊನೆಗೆ ಪ್ರಯಾಣಿಕನು ಕೈಯಿಂದ ಕೈಗೆ ದಾಟಿಸುವ ಚಿಲ್ಲರೆಯ ಲೆಕ್ಕಕ್ಕೆ ಸೇರುತ್ತದೆ.