ಅಕ್ಕನ ಹಾವು, ನನ್ನ ಲೆಕ್ಕ: ಬಾಲ್ ಪೈಥಾನ್ ಬ್ರೀಡಿಂಗ್ ಒಳಗೆ ಏನಿದೆ?

ಇವತ್ತಿನ ವಿಷಯ ಕೇಳಿ ಕೆಲವರು ಇಯರ್‌ಫೋನ್ ಕಿತ್ತು ಹಾಕಬಹುದು. ಹಾವು! ನಮ್ಮ ಅಕ್ಕ ಬಾಲ್ ಪೈಥಾನ್ ಸಾಕಿ, ಮರಿ ಮಾಡಿಸಿ ಮಾರ್ತಾಳೆ. ಹಾವಿನ ಕೆಲಸ ಅವಳದ್ದು, ಲೆಕ್ಕ, ಕಾಗದ ಪತ್ರ ನನ್ನದು. ಬಿ.ಕಾಂ. ಮಾಡಿದ್ದಕ್ಕೆ ಮನೇಲಿ ಸಿಕ್ಕ ಪೋಸ್ಟಿಂಗ್ ಇದು.

ಮೊದಲು ಕಾನೂನು. ನಮ್ಮ ನಾಗರಹಾವು, ನಮ್ಮ ಕಾಡಿನ ಹೆಬ್ಬಾವು, ನಕ್ಷತ್ರ ಆಮೆ, ಇವನ್ನ ಹಿಡಿದು ಮನೇಲಿ ಸಾಕೋದು ಅಪರಾಧ. ಮಾತೇ ಇಲ್ಲ. ಬಾಲ್ ಪೈಥಾನ್ ಆಫ್ರಿಕಾದ್ದು, ವಿಷ ಇಲ್ಲ, ಹೆದರಿದ್ರೆ ಚೆಂಡಿನ ಥರ ಸುತ್ತಿಕೊಳ್ಳುತ್ತೆ. ಹಾಗಂತ ಇದಕ್ಕೆ ಕಾನೂನಿಲ್ಲ ಅಂದುಕೋಬೇಡಿ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, ಸೈಟಿಸ್ ಪಟ್ಟಿಯಲ್ಲಿರೋ ವಿದೇಶಿ ಪ್ರಾಣಿಗಳೂ ಶೆಡ್ಯೂಲ್ 4ಕ್ಕೆ ಬಂದವು. 2024ರ ಫೆಬ್ರವರಿಯಲ್ಲಿ ನಿಯಮಗಳೂ ಬಂದವು. ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಮರಿ ಹುಟ್ಟಿದ್ರೆ, ಸತ್ರೆ, ಬೇರೆಯವರ ಕೈಗೆ ಹೋದ್ರೆ, ಎಲ್ಲಾ ತಿಳಿಸಬೇಕು.

ಹಾಗಾಗಿ ನನ್ನ ಪುಸ್ತಕದಲ್ಲಿ ಒಂದೊಂದು ಹಾವಿಗೂ ಒಂದೊಂದು ಪುಟ. ಯಾರಿಂದ ಬಂತು, ನೋಂದಣಿ ಏನಾಯ್ತು, ತೂಕ ಎಷ್ಟು, ಊಟ ಯಾವತ್ತು. ಊಟದ ಕಾಲಂ ಎಷ್ಟೋ ಸಲ ಖಾಲಿ ಇರುತ್ತೆ. ಈ ಹಾವು ತಿಂಗಳುಗಟ್ಟಲೆ ಉಪವಾಸ ಕೂರೋದು ಮಾಮೂಲಿ. ತೂಕ ಇಳಿದ್ರೆ ಮಾತ್ರ ಚಿಂತೆ.

ಈಗ ದುಡ್ಡಿನ ವಿಷಯ. ಹೆಣ್ಣು ಮೊಟ್ಟೆ ಇಡೋಕೆ ಸುಮಾರು ಮೂರು ವರ್ಷ, ಒಂದೂವರೆ ಕೆಜಿ ತೂಕ ಬೇಕು. ಅಲ್ಲಿವರೆಗೂ ಬರೀ ಖರ್ಚು. ಆಮೇಲೂ ಪ್ರತಿ ವರ್ಷ ಇಟ್ಟೇ ಇಡುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಇಟ್ಟರೆ ನಾಲ್ಕೋ ಆರೋ. ಇಟ್ಟ ಮೇಲೆ ಮೊಟ್ಟೆ ಮಗುಚಬಾರದು, ಒಳಗಿನ ಭ್ರೂಣ ಸಾಯಬಹುದು. ಅದಕ್ಕೆ ಅಕ್ಕ ಪೆನ್ಸಿಲ್‌ನಲ್ಲಿ ಮೇಲ್ಭಾಗಕ್ಕೆ ಗುರುತು ಹಾಕ್ತಾಳೆ. 31–32 ಡಿಗ್ರಿಯಲ್ಲಿ ಸುಮಾರು ಎರಡು ತಿಂಗಳು. ಏಪ್ರಿಲ್‌ನಲ್ಲಿ ಕರೆಂಟ್ ಹೋದಾಗ ನಮ್ಮ ಮನೇಲಿ ಫ್ಯಾನ್‌ಗಿಂತ ಮೊದಲು ಇನ್‌ಕ್ಯುಬೇಟರ್‌ಗೆ ಇನ್ವರ್ಟರ್!

ಬಣ್ಣದ ಲೆಕ್ಕ ನನಗೆ ತುಂಬಾ ಇಷ್ಟ. ಆಲ್ಬಿನೋ ಬಣ್ಣಕ್ಕೆ ಅಪ್ಪ, ಅಮ್ಮ ಇಬ್ಬರಿಂದಲೂ ಜೀನ್ ಬರಬೇಕು. ನೋಡೋಕೆ ಮಾಮೂಲಿ ಇದ್ದು, ಒಳಗೆ ಒಂದು ಜೀನ್ ಇಟ್ಟುಕೊಂಡಿರೋ ಹಾವಿಗೆ 'ಹೆಟ್' ಅಂತಾರೆ. ಎರಡು ಹೆಟ್ ಸೇರಿದ್ರೆ ಒಂದೊಂದು ಮರಿಗೂ ನಾಲ್ಕರಲ್ಲಿ ಒಂದು ಚಾನ್ಸ್. ಆರು ಮೊಟ್ಟೆಯಲ್ಲಿ ಒಂದೂ ಆಲ್ಬಿನೋ ಬರದೇ ಇರೋ ಸಾಧ್ಯತೆ ನೂರಕ್ಕೆ ಸುಮಾರು 18. ಬಿಳಿ ಮರಿ ನಂಬಿ ಇಎಂಐ ಕಟ್ಟೋರು ಇದನ್ನ ಎರಡು ಸಲ ಕೇಳಿಸಿಕೊಳ್ಳಿ. ಇಂಥ ಜೋಡಿಗೆ ಹುಟ್ಟಿದ ಮಾಮೂಲಿ ಬಣ್ಣದ ಮರಿ ಹೆಟ್ ಆಗಿರೋ ಸಾಧ್ಯತೆ ಮೂರರಲ್ಲಿ ಎರಡು. 'ಖಂಡಿತ ಹೆಟ್' ಅಂತ ಮಾರಿದ್ರೆ ಅದು ಮೋಸ. ಅಕ್ಕ ಬಿಲ್ ಮೇಲೆ '66%' ಅಂತಾನೇ ಬರೆಸ್ತಾಳೆ, ರೇಟ್ ಕಮ್ಮಿ ಆದ್ರೂ ಸರಿ.

ಕಳೆದ ವರ್ಷ ಒಬ್ಬರು ಬೆಳೆದ ಹೆಣ್ಣು ಹಾವನ್ನ ಅರ್ಧ ರೇಟಿಗೆ ಕೊಡ್ತೀನಿ ಅಂದ್ರು. ಕಾಗದ ಮಾತ್ರ ಇಲ್ಲ. ನಮಗೆ ಮೂರು ವರ್ಷ ಉಳೀತಿತ್ತು, ಅಕ್ಕನ ಸಾಲದ ಕಂತೂ ಹತ್ತಿರ ಬಂದಿತ್ತು. ನಾನು ಬರೆದು ತೋರಿಸಿದೆ: ತಾಯಿಗೆ ಕಾಗದ ಇಲ್ಲ ಅಂದ್ರೆ ಮರಿಗಳಿಗೂ ಇಲ್ಲ, ಅವುಗಳ ಮರಿಗಳಿಗೂ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗಲ್ಲಿ 55 ಬಾಲ್ ಪೈಥಾನ್ ಸಿಕ್ಕಿದ್ದವು. ಕಾಗದ ಇಲ್ಲದ ಹಾವು ಎಲ್ಲಿಂದ ಬಂದಿರುತ್ತೆ ಅಂತ ಯಾರು ಹೇಳ್ತಾರೆ? "ಬೇಡ ಬಿಡೋ" ಅಂದ್ಲು ಅಕ್ಕ. ಕಂತಿಗೆ ಅವಳ ಬಳೆ ಅಡ ಇಟ್ವಿ.

'ಸ್ಪೈಡರ್' ಅನ್ನೋ ಮಾರ್ಫ್ ಬೇಕು ಅಂತ ಈಗಲೂ ಮೆಸೇಜ್ ಬರುತ್ತೆ. ನೋಡೋಕೆ ಚೆಂದ, ಆದ್ರೆ ಆ ಜೀನ್ ಜೊತೆಗೇ ನರದ ತೊಂದರೆ ಬರುತ್ತೆ: ತಲೆ ಅಲ್ಲಾಡುತ್ತೆ, ಕೆಲವಕ್ಕೆ ಊಟದ ಕಡೆ ಗುರಿ ಇಡೋಕೂ ಕಷ್ಟ. ಅಕ್ಕ ಅದನ್ನ ಮಾಡಿಸಲ್ಲ. ಇಲ್ಲ ಅಂತ ರಿಪ್ಲೈ ಹಾಕೋ ಕೆಲಸವೂ ನನ್ನದೇ.