ವಿಕಿಡೇಟಾದಿಂದ ಸ್ತಂಭಾಲೇಖದವರೆಗೆ: ಎರಡು ತರಗತಿಗಳ ಅನುಭವ

ಬೋಧನಾಭ್ಯಾಸದ ಅವಧಿಯಲ್ಲಿ ಮೊದಲು ಚಳ್ಳಕೆರೆಯ ಒಂದು ಪ್ರೌಢಶಾಲೆಯಲ್ಲಿ, ನಂತರ ಮೊಳಕಾಲ್ಮೂರಿನ ಇನ್ನೊಂದರಲ್ಲಿ 9ನೇ ತರಗತಿಗೆ ಸಂಖ್ಯಾಶಾಸ್ತ್ರ ಘಟಕವನ್ನು ಪಾಠ ಮಾಡಿದೆ. ಪಠ್ಯಪುಸ್ತಕದ ಕೋಷ್ಟಕಗಳನ್ನು ಮಕ್ಕಳು ಆಗಲೇ ಬಿಡಿಸಿ ಮುಗಿಸಿದ್ದರು. ನಮ್ಮ ಸುತ್ತಲಿನ ಅಂಕಿಗಳೇ ಸಿಕ್ಕರೆ ಚೆನ್ನ ಎಂದು ವಿಕಿಡೇಟಾಕ್ಕೆ ಕೈಹಾಕಿದೆ. ಎರಡು ತಪ್ಪು ಮಾಡಿದೆ. ಎರಡನ್ನೂ ಮಕ್ಕಳೇ ಹಿಡಿದರು.

ವಿಕಿಡೇಟಾ 2012ರ ಅಕ್ಟೋಬರ್‌ನಲ್ಲಿ ಆರಂಭವಾದ ಮುಕ್ತ ದತ್ತಾಂಶ ಸಂಗ್ರಹ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಇದರಲ್ಲಿ ಪುಟಗಟ್ಟಲೆ ಬರಹವಿಲ್ಲ, ಮೂರು ಪದಗಳ ಪುಟ್ಟ ವಾಕ್ಯಗಳಿವೆ. 'ಬ್ರಹ್ಮಗಿರಿ – ಇರುವ ಸ್ಥಳ – ಮೊಳಕಾಲ್ಮೂರು ತಾಲ್ಲೂಕು' ಎಂಬಂಥವು. ಕನ್ನಡ ವ್ಯಾಕರಣದ ಕರ್ತೃ, ಕರ್ಮ, ಕ್ರಿಯಾಪದ ನೆನಪಿಸಿಕೊಂಡರೆ ಸಾಕು. ಒಂದು ವಾಕ್ಯದ ಕೊನೆಯ ಪದವೇ ಇನ್ನೊಂದರ ಮೊದಲ ಪದವಾಗುತ್ತದೆ: ಚಿತ್ರದುರ್ಗ ಜಿಲ್ಲೆ ಕರ್ನಾಟಕದಲ್ಲಿದೆ, ಕರ್ನಾಟಕ ಭಾರತದಲ್ಲಿದೆ. ಅಂತ್ಯಾಕ್ಷರಿಯ ಹಾಗೆ. 'ಸಂಪರ್ಕಿತ' ಎನ್ನುವುದು ಇದಕ್ಕೇ. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಇದೆ. ಕರ್ನಾಟಕ 'ಕ್ಯೂ 1185', ಭಾರತ 'ಕ್ಯೂ 668'. ಮೊಳಕಾಲ್ಮೂರು ಎಂಬ ಹೆಸರನ್ನು ನಮ್ಮೂರಿನ ನಾಮಫಲಕಗಳೇ ಮೂರು ಬಗೆಯಲ್ಲಿ ಬರೆಯುತ್ತವೆ. ಸಂಖ್ಯೆಗೆ ಆ ತೊಂದರೆಯಿಲ್ಲ.

ಪ್ರಶ್ನೆ ಕೇಳುವ ಭಾಷೆ ಸ್ಪಾರ್ಕಲ್. ನನ್ನ ಸಹಪಾಠಿಗಳು ಇದರ ಹೆಸರಿಗೇ ಹೆದರುತ್ತಾರೆ. ಆದರೆ ಇದು ನಾವು ಕಿರುಪರೀಕ್ಷೆಯಲ್ಲಿ ಕೊಡುವ 'ಬಿಟ್ಟ ಸ್ಥಳ ತುಂಬಿರಿ' ಅಷ್ಟೆ. ಮೂರು ಪದಗಳ ವಾಕ್ಯದಲ್ಲಿ ಗೊತ್ತಿಲ್ಲದ ಪದದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಂದ ಶುರುವಾಗುವ ಒಂದು ಹೆಸರು ಇಡುತ್ತೇವೆ. ಯಂತ್ರ ಆ ಜಾಗಕ್ಕೆ ಹೊಂದುವ ಎಲ್ಲವನ್ನೂ ತುಂಬಿ ಪಟ್ಟಿ ಕೊಡುತ್ತದೆ. ನನ್ನ ಪ್ರಶ್ನೆಯನ್ನು ಕನ್ನಡದಲ್ಲಿ ಓದಿದರೆ ಹೀಗಿತ್ತು: ಯಾವುದು 'ಭಾರತದ ಜಿಲ್ಲೆ' ಎಂಬ ಬಗೆಗೆ ಸೇರಿದೆಯೋ, ಯಾವುದು ಕರ್ನಾಟಕದೊಳಗಿದೆಯೋ, ಅದರ ಕನ್ನಡ ಹೆಸರು ಮತ್ತು ಜನಸಂಖ್ಯೆ ಕೊಡು. 'ಒಳಗಿದೆ' ಎಂಬುದಕ್ಕೆ 'ಪಿ 131' ಎಂಬ ಗುಣ. ಒಂದು ಜಿಲ್ಲೆಯನ್ನು ಒಬ್ಬರು ನೇರ ರಾಜ್ಯದ ಕೆಳಗೆ, ಇನ್ನೊಬ್ಬರು ಕಂದಾಯ ವಿಭಾಗದ ಕೆಳಗೆ ಬರೆದಿರಬಹುದು. ಆದ್ದರಿಂದ ಅದರ ಮುಂದೆ ಕೂಡುವ ಚಿಹ್ನೆ ಹಾಕಿದೆ. ಎಷ್ಟು ಮೆಟ್ಟಿಲು ಹತ್ತಬೇಕಾದರೂ ಹತ್ತು ಎಂದು ಅದರ ಅರ್ಥ. ತೀರಾ ದೊಡ್ಡ ಪ್ರಶ್ನೆ ಕೇಳಿದರೆ 60 ಸೆಕೆಂಡಿಗೆ ಸರ್ವರ್ ಕೈಬಿಡುತ್ತದೆ.

ಶಾಲೆಯಲ್ಲಿ ಇಂಟರ್‌ನೆಟ್ ನಂಬುವಂತಿರಲಿಲ್ಲ. ಹಿಂದಿನ ರಾತ್ರಿ ರೂಮಿನಲ್ಲೇ ಪೈಥಾನ್‌ನಿಂದ ಪ್ರಶ್ನೆ ಕಳಿಸಿ, ಬಂದ ಉತ್ತರವನ್ನು ಫೈಲಾಗಿ ಉಳಿಸಿಕೊಂಡು ಒಯ್ಯುತ್ತಿದ್ದೆ. ಉತ್ತರದಲ್ಲಿ ಅಂಕಿಗಳೂ ಪಠ್ಯದ ರೂಪದಲ್ಲೇ ಬರುತ್ತವೆ. ಸಂಖ್ಯೆಯಾಗಿ ಬದಲಾಯಿಸದೆ ಏರಿಕೆ ಕ್ರಮಕ್ಕೆ ಇಟ್ಟರೆ 9 ಲಕ್ಷವು 16 ಲಕ್ಷದ ನಂತರ ಕೂರುತ್ತದೆ. ಚಿತ್ರ ಬರೆಯಲು ಮೊದಲು ಮ್ಯಾಟ್‌ಪ್ಲಾಟ್‌ಲಿಬ್ ಬಳಸಿದೆ. ಕನ್ನಡ ಹೆಸರುಗಳ ಜಾಗದಲ್ಲಿ ಚೌಕಗಳು ಬಂದವು. ನೋಟೋ ಫಾಂಟ್ ಕೊಟ್ಟ ಮೇಲೆ ಅಕ್ಷರ ಬಂದವು, ಆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತವು. 'ಚಿತ್ರದುರ್ಗ'ವನ್ನು ಓದಲಾಗದ ಸ್ತಂಭಾಲೇಖವನ್ನು ಚಿತ್ರದುರ್ಗದ ಮಕ್ಕಳಿಗೆ ಹೇಗೆ ತೋರಿಸುವುದು? ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಪ್ಲಾಟ್ಲಿಗೆ ಬದಲಾಯಿಸಿದೆ. ಅಲ್ಲಿ ಅಕ್ಷರ ಜೋಡಿಸುವ ಕೆಲಸ ಬ್ರೌಸರ್‌ನದು, ಒತ್ತು ಸರಿಯಾಗಿ ಕೂರುತ್ತದೆ.

ಮೊದಲ ತಪ್ಪು ಚಳ್ಳಕೆರೆಯಲ್ಲಿ ಆದದ್ದು. ಪೀಠಿಕೆಗೆಂದು ನಮ್ಮ ಊರುಗಳನ್ನು ಫೋಲಿಯಂ ನಕ್ಷೆಯ ಮೇಲೆ ಗುರುತಿಸಿ ಲ್ಯಾಪ್‌ಟಾಪ್ ತೆರೆದೆ. ಕರ್ನಾಟಕದಲ್ಲಿ ಒಂದು ಚುಕ್ಕೆಯೂ ಇಲ್ಲ. ಹಿಂದೆ ಸರಿಸುತ್ತಾ ಹೋದರೆ ಚಳ್ಳಕೆರೆ ನಾರ್ವೆಯಾಚೆ, ಸ್ವಾಲ್ಬಾರ್ಡ್ ಬಳಿಯ ಹಿಮಸಮುದ್ರದಲ್ಲಿ ತೇಲುತ್ತಿತ್ತು. 'ಮಿಸ್, ಅಲ್ಲಿ ಶೇಂಗಾ ಬೆಳೀತದಾ?' ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಚಳ್ಳಕೆರೆ ಇರುವುದು ಸುಮಾರು 14.3 ಡಿಗ್ರಿ ಉತ್ತರ ಅಕ್ಷಾಂಶ, 76.6 ಡಿಗ್ರಿ ಪೂರ್ವ ರೇಖಾಂಶದಲ್ಲಿ. ವಿಕಿಡೇಟಾದ ಉತ್ತರ ರೇಖಾಂಶವನ್ನು ಮೊದಲು ಕೊಡುತ್ತದೆ, ಫೋಲಿಯಂ ಅಕ್ಷಾಂಶವನ್ನು ಮೊದಲು ಕೇಳುತ್ತದೆ. ನಾನು ಬಂದದ್ದನ್ನು ಬಂದ ಹಾಗೇ ದಾಟಿಸಿದ್ದೆ. ಗ್ರಾಫ್‌ನಲ್ಲಿ ಎಕ್ಸ್, ವೈ ಅದಲುಬದಲಾದರೆ ಏನಾಗುತ್ತದೆ ಎಂದು ಆ ತರಗತಿಗೆ ಇನ್ನು ವಿವರಿಸಬೇಕಾಗಿಲ್ಲ.

ಇದು ನಗುವ ತಪ್ಪು, ಕಣ್ಣಿಗೆ ಹೊಡೆದು ಕಾಣುವಂಥದ್ದು. ಮೊಳಕಾಲ್ಮೂರಿನದು ಹಾಗಲ್ಲ.

ಅಲ್ಲಿ ಜಿಲ್ಲಾವಾರು ಜನಸಂಖ್ಯೆಯ ಸ್ತಂಭಾಲೇಖ ಒಯ್ದಿದ್ದೆ. ಒಂದೇ ಊರಿಗೆ 2001ರದ್ದೂ 2011ರದ್ದೂ ಜನಸಂಖ್ಯೆ ದಾಖಲಾಗಿರಬಹುದಾದ್ದರಿಂದ, ಪ್ರತಿ ಹೇಳಿಕೆಯ ಒಳಗೆ ಹೋಗಿ '2011ರದ್ದು ಮಾತ್ರ' ಎಂಬ ಷರತ್ತು ಹಾಕಿದ್ದೆ. ಅಂದವಾಗಿ ಬಂದಿತ್ತು. ಕಂಬಗಳನ್ನು ಎಣಿಸಿಸಿ, 'ಕರ್ನಾಟಕದಲ್ಲಿ 30 ಜಿಲ್ಲೆ' ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಒಬ್ಬ ಹುಡುಗಿ ಎದ್ದು, 'ಮೂವತ್ತೊಂದು ಮಿಸ್. ವಿಜಯನಗರ ಬಿಟ್ಟೀರಿ. ನಮ್ಮಮ್ಮನ ತವರು ಕೂಡ್ಲಿಗಿ, ಅದು ಈಗ ಬಳ್ಳಾರಿಗೆ ಸೇರಲ್ಲ' ಎಂದಳು. ಹಿಂದೆ ವೀಕ್ಷಕರು ಕುಳಿತಿದ್ದರು. ನಾನು, 'ಇದು ಕಂಪ್ಯೂಟರ್ ಕೊಟ್ಟ ಪಟ್ಟಿ ಕಣಮ್ಮಾ' ಎಂದುಬಿಟ್ಟೆ. ಅವಳು ಕುಳಿತಳು. ಪಾಠ ಮುಂದುವರಿಯಿತು.

ರಾತ್ರಿ ನೋಡಿದಾಗ ಕಾರಣ ಸರಳವಾಗಿತ್ತು. ಸ್ಪಾರ್ಕಲ್‌ನಲ್ಲಿ ಬರೆದ ಎಲ್ಲ ವಾಕ್ಯಗಳಿಗೂ ಉತ್ತರವಿದ್ದರೆ ಮಾತ್ರ ಆ ಸಾಲು ಬರುತ್ತದೆ. ಒಂದಕ್ಕೆ ಇಲ್ಲದಿದ್ದರೂ ಇಡೀ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ, ದೋಷಸೂಚನೆ ಏನೂ ಇರುವುದಿಲ್ಲ. ವಿಜಯನಗರ ಜಿಲ್ಲೆ ರಚನೆಯಾದದ್ದು 2021ರಲ್ಲಿ. ಅದಕ್ಕೆ 2011ರ ಜನಗಣತಿಯ ಪ್ರತ್ಯೇಕ ಅಂಕಿ ಎಲ್ಲಿಂದ ಬರಬೇಕು? ಜನಸಂಖ್ಯೆಯ ಭಾಗವನ್ನು 'ಆಪ್ಷನಲ್' ಎಂಬ ಪದದ ಆವರಣದೊಳಗೆ ಇಟ್ಟೆ: ಇದ್ದರೆ ಕೊಡು, ಇಲ್ಲದಿದ್ದರೆ ಜಾಗ ಖಾಲಿ ಬಿಡು. 31 ಸಾಲು ಬಂದವು, ಒಂದರಲ್ಲಿ ಅಂಕಿ ಇಲ್ಲ.

ಆ ಖಾಲಿ ಜಾಗವೇ ಮರುದಿನದ ಪಾಠವಾಯಿತು. ಮೊದಲು ಆ ಹುಡುಗಿಯ ಹೆಸರು ಹೇಳಿ, ನಿನ್ನೆ ಅವಳು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದೆ. ನಂತರ ಕೇಳಿದೆ: ವಿಜಯನಗರದ ಜನ ನಮ್ಮ ಸ್ತಂಭಾಲೇಖದಲ್ಲಿ ಎಲ್ಲಿದ್ದಾರೆ? ಸೊನ್ನೆ ಎಂದ ಒಬ್ಬ. ಸ್ವಲ್ಪ ಹೊತ್ತು ಗದ್ದಲ. ಕೊನೆಗೆ ಬಳ್ಳಾರಿಯ ಕಂಬದತ್ತ ಬೆರಳು ಹೋದವು. 2011ರಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 24,52,595, ನಮ್ಮ ಚಿತ್ರದುರ್ಗದ್ದು 16,59,456. ಆ ಎತ್ತರದೊಳಗೆ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯವರೂ ಇದ್ದಾರೆ. ಹಾಗಾದರೆ ಬಳ್ಳಾರಿಯ ಕಂಬವನ್ನು ಕತ್ತರಿಸಿದರೆ ವಿಜಯನಗರ ಪೂರ್ತಿ ಸಿಕ್ಕಿತೇ? ಸಿಗುವುದಿಲ್ಲ. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು. ಇದು ನನಗೂ ಹಿಂದಿನ ರಾತ್ರಿಯಷ್ಟೇ ತಿಳಿದದ್ದು.

ಹೊಸ ಚಿತ್ರದಲ್ಲಿ ವಿಜಯನಗರದ ಹೆಸರಿದೆ, ಮೇಲೆ ಕಂಬವಿಲ್ಲ. ಅಡಿಯಲ್ಲಿ '2011ರ ಗಡಿಗಳ ಪ್ರಕಾರ' ಎಂದು ಬರೆದು, ದತ್ತಾಂಶ ಪಡೆದ ದಿನಾಂಕ ಹಾಕಿದೆ. ತಾಲ್ಲೂಕುವಾರು ಅಂಕಿ ತೆಗೆದು ಕಂಬ ಕಟ್ಟುವುದನ್ನು ಮಕ್ಕಳ ಗುಂಪಿಗೆ ಯೋಜನಾಕಾರ್ಯವಾಗಿ ಕೊಟ್ಟಿದ್ದೇನೆ. ಕೂಡ್ಲಿಗಿಯ ಅಂಕಿ ತರುವ ಹೊಣೆಯನ್ನು ಆ ಹುಡುಗಿ ತಾನೇ ಕೇಳಿ ಪಡೆದಳು.