ಡ್ರಗ್ ಮುಟ್ಟದವರಿಗೂ 'ಪಾಸಿಟಿವ್': ಕಾರಣ ಜೇಬಿನಲ್ಲಿರುವ ಮಾತ್ರೆ!

ಸೂರತ್: ಇಲ್ಲಿನ ಹಜೀರಾದ ಕಾರ್ಖಾನೆಗಳಿಗೆ, ತೈಲ ಹಡಗುಗಳಿಗೆ, ಗಲ್ಫ್ ರಾಷ್ಟ್ರಗಳಿಗೆ ಉದ್ಯೋಗ ನಿಮಿತ್ತ ಹೊರಡುವ ನಮ್ಮ ತುಳು-ಕನ್ನಡಿಗ ಯುವಕರಿಗೆ 'ಮೆಡಿಕಲ್' ಎಂದರೆ ಎಕ್ಸ್‌ರೇ, ರಕ್ತ ಪರೀಕ್ಷೆ ಎಂದಷ್ಟೇ ಗೊತ್ತು. ಆದರೆ ತೈಲ ಹಡಗುಗಳಲ್ಲಿ, ಹಲವು ದೊಡ್ಡ ಕಂಪೆನಿಗಳಲ್ಲಿ ಮೂತ್ರದ ಡ್ರಗ್ ಟೆಸ್ಟ್ ಕೂಡ ಇದೆ. ಬೀಡಿ-ಸಿಗರೇಟು ಸಹ ಮುಟ್ಟದವನ ರಿಪೋರ್ಟಿನಲ್ಲೂ 'ಪಾಸಿಟಿವ್' ಎಂದು ಬಂದು, ಕೈಗೆ ಬಂದ ಕೆಲಸ ತೂಗಾಡಬಹುದು. ಡಾಕ್ಟರರೇ ಬರೆದುಕೊಟ್ಟ ಔಷಧ ಇದಕ್ಕೆ ಕಾರಣವಾಗಬಹುದು.

ಔಷಧದಿಂದ ಮೂತ್ರ ಪರೀಕ್ಷೆಯಲ್ಲಿ ತೊಂದರೆಗೆ ಸಿಲುಕಿದವರಲ್ಲಿ ನೆರೆಯ ವಡೋದರಾದ ಕ್ರಿಕೆಟಿಗ ಯೂಸುಫ್ ಪಠಾಣ್ ಒಬ್ಬರು. 2017ರ ಮಾರ್ಚ್‌ನಲ್ಲಿ ಅವರು ನೀಡಿದ ಸ್ಯಾಂಪಲ್‌ನಲ್ಲಿ ಟರ್ಬ್ಯುಟಲಿನ್ ಪತ್ತೆಯಾಯಿತು. ಅದು ಅನೇಕ ಕೆಮ್ಮಿನ ಸಿರಪ್‌ಗಳಲ್ಲಿರುವ ವಸ್ತು. ಗೊತ್ತಿಲ್ಲದೆ ಸೇವಿಸಿದ್ದು ಎಂಬ ವಿವರಣೆಯನ್ನು ಬಿಸಿಸಿಐ ಒಪ್ಪಿಕೊಂಡರೂ ಐದು ತಿಂಗಳ ಅಮಾನತು ತಪ್ಪಲಿಲ್ಲ. 2019ರಲ್ಲಿ ಪೃಥ್ವಿ ಶಾ ಅವರಿಗೂ ಇದೇ ಟರ್ಬ್ಯುಟಲಿನ್‌ನಿಂದ ಎಂಟು ತಿಂಗಳ ಅಮಾನತಾಯಿತು. ಇವರಿಬ್ಬರ ವಿಷಯದಲ್ಲಿ ಪರೀಕ್ಷೆ ಸುಳ್ಳಾಗಿರಲಿಲ್ಲ. ಆ ವಸ್ತು ದೇಹದಲ್ಲಿ ಇತ್ತು. ಉದ್ಯೋಗದ ಪರೀಕ್ಷೆಯಲ್ಲಿ ಇನ್ನೊಂದು ಕಷ್ಟವಿದೆ: ಇಲ್ಲದ ಡ್ರಗ್ ಇದ್ದಂತೆ ಕಾಣುವುದು.

ಮೊದಲ ಹಂತದ ಕಿಟ್‌ನಲ್ಲಿರುವ ಆಂಟಿಬಾಡಿ, ಡ್ರಗ್‌ನ ಅಣುವಿನ ಆಕಾರ ಗುರುತಿಸಿ ಅಂಟಿಕೊಳ್ಳುತ್ತದೆ. ಆಕಾರ ಹೋಲುವ ಬೇರೆ ಔಷಧ ಬಂದರೂ ಮೋಸ ಹೋಗುತ್ತದೆ, ಅಣ್ಣನೆಂದು ತಿಳಿದು ತಮ್ಮನನ್ನು ಹಿಡಿದಂತೆ. ಕೆಲವು ಕಿಟ್‌ಗಳಲ್ಲಿ ಅಸಿಡಿಟಿಯ ರಾನಿಟಿಡಿನ್, ಬಿಪಿಯ ಲ್ಯಾಬೆಟಲಾಲ್, ಅಲರ್ಜಿಯ ಪ್ರೊಮೆಥಜಿನ್ ಇವು ಆಂಫೆಟಮಿನ್‌ನಂತೆ ತೋರುತ್ತವೆ. ಪ್ಯಾಂಟೊಪ್ರಜೋಲ್ ಗಾಂಜಾದಂತೆ ತೋರಿದ್ದೂ ಉಂಟು. ಆಫ್ಲೊಕ್ಸಾಸಿನ್, ಲಿವೊಫ್ಲೊಕ್ಸಾಸಿನ್ ಎಂಬ ಆಂಟಿಬಯಾಟಿಕ್‌ಗಳೂ, ಮೂತ್ರವನ್ನೇ ಕೆಂಪಾಗಿಸುವ ಕ್ಷಯದ ಔಷಧ ರಿಫಾಂಪಿಸಿನ್ ಕೂಡ ಅಫೀಮಿನ ಸಾಲಿಗೆ ಸೇರಿಬಿಡಬಹುದು.

ಇಂಥ ಸುಳ್ಳನ್ನು ಬಯಲು ಮಾಡುವುದು ಗ್ಯಾಸ್ ಕ್ರೊಮಟೋಗ್ರಫಿ-ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಎರಡನೇ ಪರೀಕ್ಷೆ. ಅದು ಅಣುವನ್ನೇ ಬಿಡಿಸಿ ನೋಡುತ್ತದೆ. 2022ರ ಜನವರಿ 31ರಿಂದ ಜಾರಿಗೆ ಬಂದ ಡಿಜಿಸಿಎ ನಿಯಮದಲ್ಲಿ ಪೈಲಟ್‌ಗಳಿಗೂ ಮೊದಲ ಕಿಟ್‌ನ ಮೇಲೆ ತೀರ್ಪಿಲ್ಲ, ದೃಢೀಕರಣದ ವರದಿ ಬರಬೇಕು. ಪೈಲಟ್‌ಗಿರುವ ನ್ಯಾಯ ಫಿಟ್ಟರನಿಗೂ ಸಲ್ಲಬೇಕಲ್ಲವೇ? ಕಿಟ್‌ನ ಫಲಿತಾಂಶ ಕೈಗೆ ಬಂದರೆ ಜಗಳಕ್ಕೆ ನಿಲ್ಲದೆ, ಅದೇ ಸ್ಯಾಂಪಲ್‌ನ ದೃಢೀಕರಣ ಪರೀಕ್ಷೆಗೆ ಬರವಣಿಗೆಯಲ್ಲಿ ಕೇಳುವುದು ಒಳ್ಳೆಯದು.

ಆದರೆ ಕೊಡಿನ್ ಇರುವ ಕೆಮ್ಮಿನ ಸಿರಪ್ ಕುಡಿದವರನ್ನು ಆ ಯಂತ್ರವೂ ಕಾಪಾಡದು. ಕೊಡಿನ್ ದೇಹದಲ್ಲಿ ಮಾರ್ಫಿನ್ ಆಗಿಯೇ ಬದಲಾಗುತ್ತದೆ. ಅಲ್ಲಿ ಡಾಕ್ಟರರ ಚೀಟಿಯೇ ಸಾಕ್ಷಿ. ನಮ್ಮ ಹಬ್ಬದೂಟದ ಗಸಗಸೆ ಪಾಯಸದ ಕಥೆಯೂ ಇದೇ. ಗಸಗಸೆಯಲ್ಲಿ ಮಾರ್ಫಿನ್‌ನ ಅಂಶವಿರುತ್ತದೆ. ಅಮೆರಿಕದ ಸರಕಾರ ಇದೇ ಕಾರಣಕ್ಕೆ 1998ರಲ್ಲಿ ಮಿತಿಯನ್ನು ಮಿಲಿಲೀಟರಿಗೆ 300ರಿಂದ 2000 ನ್ಯಾನೊಗ್ರಾಂಗೆ ಏರಿಸಿತು. ಯುಎಇಗೆ ಹೊರಡುವವರಂತೂ ಗಸಗಸೆಯ ಪೊಟ್ಟಣವನ್ನು ಊರಲ್ಲೇ ಬಿಡಬೇಕು, ಅಲ್ಲಿ ಅದು ನಿಷಿದ್ಧ. ಕೊಡಿನ್, ಟ್ರಮಡಾಲ್‌ನಂಥ ಔಷಧಗಳನ್ನು ಒಯ್ಯಲು ಅಲ್ಲಿನ ಸರಕಾರದ ಪೂರ್ವಾನುಮತಿ ಪಡೆಯಬೇಕು.

ಸ್ಯಾಂಪಲ್ ಕೊಡುವ ಮೊದಲೇ, ಹಿಂದಿನ ಎರಡು ವಾರ ತೆಗೆದುಕೊಂಡ ಮಾತ್ರೆ, ಸಿರಪ್‌ಗಳ ಹೆಸರನ್ನು ಫಾರ್ಮಿನಲ್ಲಿ ಬರೆಸಿ ಚೀಟಿಯ ಜೆರಾಕ್ಸ್ ಲಗತ್ತಿಸಬೇಕು. ಟೆಸ್ಟ್‌ಗೆ ಹೆದರಿ ಬಿಪಿ ಮಾತ್ರೆ ಬಿಡುವುದಾಗಲಿ, ಕ್ಷಯದ ಔಷಧವನ್ನು ನಡುವೆ ನಿಲ್ಲಿಸುವುದಾಗಲಿ ಸಲ್ಲದು. ನಿಲ್ಲಿಸಿದರೆ ಔಷಧಕ್ಕೆ ಜಗ್ಗದ ಕ್ಷಯ ಬರುವ ಅಪಾಯವಿದೆ.